ರೊಟ್ಟಿ ಬಡಿಯುವ ಕೈ ಮತ್ತು ನಮ್ಮ ಖಾನಾವಳಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನ. ಸುಗ್ಗಿಯ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಚೀಲ ತುಂಬಿದ ಲಾರಿಗಳು ಹಿಂದಿನ ರಾತ್ರಿಯೇ ಬಂದು ನಿಲ್ಲುತ್ತವೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ರೈತರು, ಹಮಾಲರು, ಗುಮಾಸ್ತರು, ಲಾರಿ ಡ್ರೈವರ್‌ಗಳು ಎಲ್ಲರೂ ಹುಡುಕುವುದು ಖಾನಾವಳಿಯನ್ನು. ರಾಣೆಬೆನ್ನೂರು, ಹಾವೇರಿ ಪೇಟೆಗಳಲ್ಲೂ ಗುತ್ತಲದಂಥ ಸಣ್ಣ ಊರುಗಳಲ್ಲೂ ಹಸಿದು ಬಂದವರಿಗೆ ಇದೇ ಆಸರೆ. ನಾಲ್ಕಾರು ಮೇಜು, ನೀರಿನ ಜಗ್ಗು, ಗೋಡೆಯ ಮೇಲೆ ಬಸವಣ್ಣನದೋ ಸಿದ್ಧಾರೂಢರದೋ ಪಟ. ಮೆನು ಕಾರ್ಡ್ ಬೇಕಿಲ್ಲ. ಕೈ ತೊಳೆದು ಕೂತರೆ ತಾಟು ತಾನಾಗಿ ಮುಂದೆ ಬರುತ್ತದೆ.

ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳುಪಲ್ಯೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಚಮಚ ಕೆಂಪು ಖಾರ, ಗಟ್ಟಿ ಮೊಸರು. ಬದಿಗೆ ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಕಾಲಕ್ಕೆ ತಕ್ಕಂತೆ ಮೂಲಂಗಿ ಇಲ್ಲವೇ ಎಳೆಯ ಮೆಂತ್ಯ ಸೊಪ್ಪು. ಕೊನೆಯಲ್ಲಿ ಅನ್ನ, ಸಾರು, ಮಜ್ಜಿಗೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಎಣ್ಣೆಗಾಯಿಯ ಮೇಲೆ ತೇಲುವ ಕೆಂಪು ಎಣ್ಣೆಯನ್ನು ಕಂಡು ಬೆದರುವ ಹೊರಗಿನವರು ಮೊದಲ ತುತ್ತಿಗೇ ಸಮಾಧಾನಪಡುತ್ತಾರೆ. ‘ಬಿಸಿ ರೊಟ್ಟಿ ಬಂತ್ರಿ, ಇನ್ನೊಂದ್ ಹಾಕ್ಲೇನ್ರಿ?’ ಎಂದು ಬಡಿಸುವವನು ಕೇಳುವಷ್ಟರಲ್ಲಿ ರೊಟ್ಟಿ ತಾಟಿಗೆ ಬಿದ್ದಿರುತ್ತದೆ.

1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಯದೇ ಭಾಗ. ಓದಲು ಬಂದ ಹುಡುಗರು, ವರ್ಗವಾಗಿ ಬಂದ ಮಾಸ್ತರರು, ಕೋರ್ಟು ಕಚೇರಿಯ ಕೆಲಸಕ್ಕೆ ಬಂದ ಹಳ್ಳಿಗರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಮನೆಗಳೇ ಖಾನಾವಳಿಗಳಾದವು ಎಂದು ಹಿರಿಯರು ಹೇಳುತ್ತಾರೆ. ಲಿಂಗಾಯತ ಖಾನಾವಳಿ, ಮಾಂಸದೂಟದ ಸಾವಜಿ ಖಾನಾವಳಿ ಎಂದು ಫಲಕಗಳು ಬೇರೆಬೇರೆಯಾದರೂ ರೊಟ್ಟಿ ಎರಡರಲ್ಲೂ ಉಂಟು. ಇದೇ ಸೀಮೆಯ ಗುತ್ತಲ ಒಂದು ಕಾಲಕ್ಕೆ ಗುತ್ತ ಅರಸರ ರಾಜಧಾನಿ. ಕಲ್ಯಾಣ ಚಾಲುಕ್ಯರ, ಆಮೇಲೆ ಸೇವುಣರ ಮಾಂಡಲಿಕರಾಗಿದ್ದ ಇವರ ಕಾಲದ ಮುಕ್ತೇಶ್ವರ ಗುಡಿ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದಲ್ಲಿ ಈಗಲೂ ಇದೆ. ಅನ್ನದ ಮಾತು ಬಂದಾಗ ನೆನೆಯಬೇಕಾದ ಕಲ್ಲು ಮಾತ್ರ ಬೇರೆ. ಗುತ್ತಲದ 1539ರ ಶಾಸನವೊಂದು ಬರದಲ್ಲಿ ಸತ್ತ 6307 ಜನರನ್ನು ಮಣ್ಣು ಮಾಡಿದ ಸಂಗತಿಯನ್ನು ದಾಖಲಿಸಿದೆ. ವಿಜಯನಗರದ ಅಚ್ಯುತರಾಯ ಆಳುತ್ತಿದ್ದ ಕಾಲ ಅದು. ಅಂಥ ಹಸಿವನ್ನು ಕಂಡ ನೆಲದಲ್ಲಿ ಕೇಳುವ ಮೊದಲೇ ಇನ್ನೊಂದು ರೊಟ್ಟಿ ಹಾಕುವ ರೂಢಿ ಬೆಳೆದು ನಿಂತಿರುವುದು ದೊಡ್ಡ ಸಂಗತಿ.

ಖಾನಾವಳಿಯ ಜೀವ ಇರುವುದು ಹಿಂದಿನ ಕೋಣೆಯಲ್ಲಿ. ಅಲ್ಲಿ ಒಲೆಯ ಮುಂದೆ ಕೂತ ಹೆಣ್ಣುಮಗಳು ಮೊದಲು ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡುತ್ತಾಳೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ‘ಜಿಗಿ ಹೋಗೇತಿ’ ಎಂದು ಬದಿಗಿಡುತ್ತಾಳೆ, ಅದು ಬಡಿಯುವಾಗ ಹರಿಯುತ್ತದೆ. ಗೋದಿಯಲ್ಲಿರುವ ಅಂಟು, ಅಂದರೆ ಗ್ಲುಟನ್, ಜೋಳದಲ್ಲಿಲ್ಲ. ಅದಕ್ಕಾಗಿಯೇ ಎಸರು. ಪರಾತದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಹೊಯ್ದಾಗ ಜೋಳದ ಪಿಷ್ಟ ಬೆಂದು ಅಂಟಾಗುತ್ತದೆ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಸುಡುವ ಹಿಟ್ಟಿಗೆ ಕೈ ಹಾಕುವ ಆ ಗಳಿಗೆಯನ್ನು ಯಾವ ಅಡುಗೆ ಪುಸ್ತಕವೂ ಕಲಿಸಲಾರದು.

ಮುಷ್ಟಿ ಗಾತ್ರದ ಉಂಡೆಗೆ ಒಣ ಹಿಟ್ಟು ಹಚ್ಚಿ ಬಡಿಯತೊಡಗಿದರೆ ಬಲಗೈಯ ಪ್ರತಿ ಪೆಟ್ಟಿಗೂ ರೊಟ್ಟಿ ಇಷ್ಟಿಷ್ಟೇ ತಿರುಗುತ್ತದೆ. ಎಡಗೈ ಅಂಚು ಕಾಯುತ್ತದೆ. ಪೆಟ್ಟು ನಡುವೆಯೇ ಬಿದ್ದರೆ ತೂತು, ಅಂಚಿಗೇ ಬಿದ್ದರೆ ಸೀಳು. ತಟ್‌ ತಟ್‌ ಎಂಬ ಆ ಸಪ್ಪಳ ಮುಂದಿನ ಮೇಜುಗಳವರೆಗೂ ಕೇಳುತ್ತದೆ. ತೆಳ್ಳಗಾದ ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾಳೆ. ಒಣ ಹಿಟ್ಟು ತೊಳೆದುಹೋಗುತ್ತದೆ, ರೊಟ್ಟಿ ಬಿರಿಯುವುದಿಲ್ಲ. ಆ ನೀರು ಆರುವ ಹೊತ್ತು ನೋಡಿ ತಿರುವಿ ಹಾಕಿ, ಕೊನೆಗೆ ಬೆಂಕಿಗೆ ಒಡ್ಡುತ್ತಾಳೆ. ಒಳಗಿನ ಹಬೆಗೆ ಎರಡು ಪದರ ಬಿಟ್ಟು ರೊಟ್ಟಿ ಉಬ್ಬಿ ನಿಲ್ಲುತ್ತದೆ. ಅಷ್ಟರಲ್ಲಿ ಮುಂದಿನ ಉಂಡೆ ಕೈಗೆ ಬಂದಿರುತ್ತದೆ.

ಅಂಟಿಲ್ಲದ ಹಿಟ್ಟಿನ ಕಷ್ಟವನ್ನು ಜಪಾನಿನವರೂ ಬಲ್ಲರು. ಅಲ್ಲಿಯ ಓಣಿ ಓಣಿಗಳ ಸೋಬಾ ಅಂಗಡಿಗಳಲ್ಲಿ ಬಕ್‌ವೀಟ್ ಹಿಟ್ಟಿನ ಶಾವಿಗೆ ಮಾಡುತ್ತಾರೆ. ಆ ಹಿಟ್ಟಿಗೂ ಅಂಟಿಲ್ಲ. ಕೆಲವರು ಗೋದಿ ಬೆರೆಸುತ್ತಾರೆ, ಬೆರೆಸದೆ ಮಾಡುವವರಲ್ಲಿ ಹಲವರು ಕುದಿಯುವ ನೀರನ್ನೇ ನಂಬುತ್ತಾರೆ. ಟೋಕಿಯೋದ ಕಾಂಡಾ ಯಾಬು ಸೋಬಾ 1880ರಷ್ಟು ಹಳೆಯದು. 2013ರಲ್ಲಿ ಬೆಂಕಿಗೆ ಸಿಕ್ಕ ಆ ಅಂಗಡಿ ಮರುವರ್ಷವೇ ಮತ್ತೆ ಬಾಗಿಲು ತೆರೆಯಿತು. ಅದೇ 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಊಟದ ಪದ್ಧತಿಯನ್ನು ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದದ್ದು ಒಂದೇ: ಅಲ್ಲಿಯ ಎಷ್ಟೋ ಸೋಬಾ ಅಂಗಡಿಗಳಲ್ಲಿ ಹಿಟ್ಟು ನಾದಿ ಕತ್ತರಿಸುವವನ ಜಾಗ ಬೀದಿಗೆ ಕಾಣುವ ಗಾಜಿನ ಹಿಂದೆ. ಬಂದವರು ಆ ಕೈಯನ್ನು ನೋಡಿಯೇ ಒಳಗೆ ಹೋಗುತ್ತಾರೆ. ನಮ್ಮಲ್ಲಿ ಅದೇ ಕೈ ಹೊಗೆಯ ಕೋಣೆಯಲ್ಲಿದೆ.

ಹಾವೇರಿ ಸೀಮೆಯ ಹೊಲಗಳನ್ನು ಈಗ ಗೋವಿನಜೋಳ ಮತ್ತು ಹತ್ತಿ ಆವರಿಸಿವೆ. ಬಿಳಿಜೋಳಕ್ಕೆ ಖಾನಾವಳಿಯವರು ಗದಗ, ವಿಜಯಪುರದ ಕಡೆ ನೋಡಬೇಕು. ಜೋಳವನ್ನಾದರೂ ತರಿಸಬಹುದು, ಬಡಿಯುವವರನ್ನು ಎಲ್ಲಿಂದ ತರುವುದು? ಬೆಳಗಿನಿಂದ ಬೆಂಕಿಯ ಮುಂದೆ ಕೂರುವ ಕೆಲಸಕ್ಕೆ ತಮ್ಮ ಹೆಣ್ಣುಮಕ್ಕಳನ್ನು ಕಳಿಸಲು ತಾಯಂದಿರಿಗೆ ಮನಸ್ಸಿಲ್ಲ, ಆ ಮನಸ್ಸು ಸರಿಯಾದದ್ದೇ. ರೊಟ್ಟಿ ಒತ್ತುವ ಯಂತ್ರಗಳು ಬಂದಿವೆ. ಆಕಾರ ದುಂಡಗಿರುತ್ತದೆ, ಆದರೆ ಕೈರೊಟ್ಟಿಯ ಆ ತೆಳು ಪದರ, ಆ ಮೆದು ಬರುವುದಿಲ್ಲ.

ದಾರಿಯೇ ಇಲ್ಲವೆಂದಲ್ಲ. ಮುಂಬೈಯಲ್ಲಿ ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲದಡಿ ಒಟ್ಟುಗೂಡಿಸಿ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು. ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ಯನ್ನು ದೂರದೂರುಗಳಿಗೆ ಮಾರುತ್ತಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ತಾಟಿನ ರೊಟ್ಟಿಯನ್ನು ಬಡಿಯುವವಳಿಗೆ ಹೊಗೆಯಿಲ್ಲದ ಒಲೆ, ಗಾಳಿಯಾಡುವ ಕೋಣೆ, ದುಡಿಮೆಗೆ ತಕ್ಕ ಪಗಾರ ಇಷ್ಟಾದರೂ ಸಿಗಬೇಕು. ಖಾನಾವಳಿ ನಡೆಸುವವರು ಒಲೆಯನ್ನು ಮುಂದಿನ ಕೋಣೆಗೆ ತರಲಿ. ಉಣ್ಣುವವರು ಕೈರೊಟ್ಟಿಗೆ ಎರಡು ರೂಪಾಯಿ ಹೆಚ್ಚು ಕೊಡಲು ಹಿಂದೆಮುಂದೆ ನೋಡದಿರಲಿ, ಆ ಎರಡು ರೂಪಾಯಿ ಬಡಿದವಳಿಗೇ ಸೇರುತ್ತದೆಯೇ ಎಂದು ಗಲ್ಲೆಯ ಮುಂದೆ ನಿಂತು ಕೇಳಲಿ.