ಎರಡು ಕೈಯ ಗಾಳ: ಸ್ಪೇ ನದಿ ಕಲಿಸಿದ ವಿದ್ಯೆ

ಗಾಳ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಬಿದಿರು ಕೋಲು, ನಾಲ್ಕು ಮಾರು ದಾರ, ಒಂದು ಕೊಕ್ಕೆ, ಅದರ ತುದಿಗೆ ಸಿಕ್ಕಿಸಿದ ಎರೆಹುಳು. ಕೆರೆ ಏರಿಯ ಮೇಲೆ ಕುಳಿತು ಬೆಂಡು ಮುಳುಗುವುದನ್ನೇ ಕಾಯುವ ಹುಡುಗರು. "ಗಾಳ ಹಾಕುವುದು" ಎಂಬ ಮಾತಿಗೆ ನಮ್ಮಲ್ಲಿ ಸ್ವಲ್ಪ ಕೆಟ್ಟ ಅರ್ಥವೂ ಉಂಟು. ಆದರೆ ಹದಿನೈದು ಅಡಿಯ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು, ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು, ಹುಳುವೂ ಇಲ್ಲದೆ ಬೆಂಡೂ ಇಲ್ಲದೆ, ಬರೀ ಗರಿ ಕಟ್ಟಿದ ಕೊಕ್ಕೆಯನ್ನು ಎಂಬತ್ತು ಅಡಿ ದೂರಕ್ಕೆ ಹೂವಿನಂತೆ ಇಳಿಸುವುದನ್ನು ನೀವು ಕಂಡಿದ್ದೀರಾ? ಸ್ಕಾಟ್ಲೆಂಡಿನವರು ಇದನ್ನು ಸ್ಪೇ ಕಾಸ್ಟಿಂಗ್ ಎನ್ನುತ್ತಾರೆ.

ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಕುಳಿತವರಿಗೆ ಇದೇಕೆ ಎಂದು ನೀವು ಕೇಳಬಹುದು. ನಿಮ್ಮ ಮಗಳೋ ಅಳಿಯನೋ ತೈಲ ಕಂಪನಿಯ ಕೆಲಸಕ್ಕಾಗಿ ಅಬರ್ಡೀನಿನಲ್ಲಿರಬಹುದು. ನೀವು ಬೇಸಿಗೆಗೆಂದು ಅಲ್ಲಿಗೆ ಹೋದರೆ ಕೋಟೆಗಳನ್ನು ನೋಡಿ ಮುಗಿಸಲು ಒಂದು ವಾರ ಸಾಕು. ಆಮೇಲೆ ನದಿಯ ದಡಕ್ಕೆ ಹೋಗಿ ನಿಂತು ನೋಡಿ. ಇನ್ನೊಂದು ಮಾತು: ಇದು ಮೀನು ತಿನ್ನದವರೂ, ಮೀನು ಹಿಡಿಯದವರೂ ಕಲಿಯಬಹುದಾದ ವಿದ್ಯೆ. ಅರವತ್ತು ದಾಟಿದವರೂ ಕಲಿಯಬಹುದು. ಬಲಕ್ಕಿಂತ ಲಯ ಮುಖ್ಯವಾದ ಆಟ ಇದು.

ಮರ ಅಡ್ಡ ಬಂದಾಗ

ಸ್ಪೇ ಎಂಬುದು ಈಶಾನ್ಯ ಸ್ಕಾಟ್ಲೆಂಡಿನ ನದಿ. ಬೆಟ್ಟಗಳ ನಡುವಿನ ಸಣ್ಣ ಸರೋವರವೊಂದರಲ್ಲಿ ಹುಟ್ಟಿ, ಸುಮಾರು 172 ಕಿಲೋಮೀಟರ್ ಹರಿದು ಮೊರೆ ಫರ್ತ್ ಎಂಬ ಕಡಲ ಚಾಚಿಗೆ ಸೇರುತ್ತದೆ. ವಿಸ್ಕಿ ಭಟ್ಟಿಗಳಿಂದ ಹೆಸರಾದ ಕಣಿವೆಯೂ ಇದೇ. ನದಿ ಅಗಲ, ಸೆಳವು ಬಲ, ನೀರು ತಣ್ಣಗೆ. ದಡ ಅನೇಕ ಕಡೆ ಕಡಿದಾಗಿದ್ದು, ನೀರಿನ ಅಂಚಿನವರೆಗೂ ಮರಗಳು ಬಗ್ಗಿ ನಿಂತಿವೆ.

ತೊಡಕು ಹುಟ್ಟಿದ್ದು ಇಲ್ಲಿಯೇ. ಫ್ಲೈ ಎಂಬ ಗರಿಗೊಕ್ಕೆಗೆ ತೂಕವೇ ಇಲ್ಲ. ಕಲ್ಲನ್ನು ಕವಣೆಯಿಂದ ಬೀರಿದಂತೆ ಅದನ್ನು ಬೀರಲಾಗದು. ತೂಕ ಇರುವುದು ದಪ್ಪನೆಯ ಲೈನಿಗೆ. ಆ ಲೈನನ್ನು ಮೊದಲು ಬೆನ್ನ ಹಿಂದೆ ನೀಳವಾಗಿ ಬೀಸಬೇಕು; ಅದರ ಭಾರಕ್ಕೆ ಕೋಲು ಬಾಗಬೇಕು; ಬಾಗಿದ ಕೋಲು ನೆಟ್ಟಗಾಗುವಾಗ ಲೈನನ್ನು ಮುಂದಕ್ಕೆ ಎಸೆಯಬೇಕು. ಮಾಮೂಲಿ ಕ್ರಮ ಇದು. ಆದರೆ ಬೆನ್ನ ಹಿಂದೆ ಮರವಿದ್ದರೆ? ಕೊಕ್ಕೆ ಕೊಂಬೆಗೆ ಸಿಕ್ಕಿತೆಂದೇ ಲೆಕ್ಕ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇ ದಡದ ಗಾಳಗಾರರು ಈ ತೊಡಕಿಗೆ ಉತ್ತರ ಹುಡುಕಿದರು. ಲೈನನ್ನು ಹಿಂದಕ್ಕೆ ಪೂರ್ತಿ ಬೀಸದೆ, ಅದರ ತುದಿಯನ್ನು ನೀರಿಗೆ ತಾಗಿಸಿ, ಆ ನೀರಿನ ಹಿಡಿತದಿಂದಲೇ ಕೋಲನ್ನು ಬಾಗಿಸಿ, ಮುಂದಕ್ಕೆ ಹಾರಿಸುವ ಉಪಾಯ ಅದು. ನದಿಯೇ ಅದಕ್ಕೆ ತನ್ನ ಹೆಸರು ಕೊಟ್ಟಿತು.

ಆಗಿನ ಕೋಲುಗಳು ಇಪ್ಪತ್ತು ಅಡಿಯವರೆಗೂ ಇರುತ್ತಿದ್ದವು. ದಕ್ಷಿಣ ಅಮೆರಿಕದಿಂದ ತರಿಸಿದ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದ ಭಾರದ ಕೋಲುಗಳು. ಇನ್‌ವರ್ನೆಸ್ಸಿನ ಅಲೆಕ್ಸಾಂಡರ್ ಗ್ರಾಂಟ್ ಪಿಟೀಲು ತಯಾರಿಸುವುದರಲ್ಲಿ ನಿಪುಣ. ಮರ ಹೇಗೆ ಕಂಪಿಸುತ್ತದೆ ಎಂಬ ತನ್ನ ತಿಳಿವನ್ನು ಗಾಳದ ಕೋಲಿಗೆ ತಂದು, 1890ರ ದಶಕದಲ್ಲಿ 'ಗ್ರಾಂಟ್ ವೈಬ್ರೇಷನ್' ಎಂಬ ಕೋಲನ್ನು ರೂಪಿಸಿದ. ಆಮೇಲೆ ಸೀಳಿದ ಬಿದಿರಿನ ಕೋಲು, ಫೈಬರ್ ಗ್ಲಾಸಿನ ಕೋಲು ಬಂದವು. ಈಗ ಕಾರ್ಬನ್ನಿನದು, ಹನ್ನೆರಡರಿಂದ ಹದಿನೈದು ಅಡಿ ಉದ್ದ, ತೂಕ ಬಲು ಕಡಿಮೆ. ಅಂದು ಆಳಿನ ತೋಳ್ಬಲ ಬೇಡುತ್ತಿದ್ದ ಕೆಲಸ ಇಂದು ಹತ್ತು ವರ್ಷದ ಹುಡುಗಿಗೂ ಸಾಧ್ಯ.

ನಾಲ್ಕು ಹೆಜ್ಜೆಯ ಪಾಠ

ಈಗ ನೀವೇ ನದಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಲಗೈ ಮೇಲಿನ ಹಿಡಿಯಲ್ಲಿ, ಎಡಗೈ ಕೋಲಿನ ಬುಡದಲ್ಲಿ. ಮುಷ್ಟಿ ಬಿಗಿಯಬೇಡಿ, ಹಕ್ಕಿಮರಿ ಹಿಡಿದಂತಿರಲಿ. ಲೈನು ಹರಿವಿನ ಜೊತೆ ಕೆಳಕ್ಕೆ ಹೋಗಿ ನೆಟ್ಟಗೆ ಮಲಗಿದೆ.

ಮೊದಲನೆಯದು ಎತ್ತುವುದು. ಕೋಲಿನ ತುದಿ ನೀರನ್ನು ಮುಟ್ಟುವಷ್ಟು ತಗ್ಗಿರಲಿ. ಅಲ್ಲಿಂದ ಮೆಲ್ಲಗೆ ಎತ್ತಿ. ಒದ್ದೆ ಬಟ್ಟೆಯನ್ನು ಕಲ್ಲಿನಿಂದ ಸುಲಿದಂತೆ ಲೈನು ನೀರಿನಿಂದ ಬಿಡಿಸಿಕೊಳ್ಳಬೇಕು. ಕಿತ್ತುಕೊಂಡರೆ ಕೆಟ್ಟಿತು.

ಎರಡನೆಯದು ಲಂಗರು. ಎತ್ತಿದ ಲೈನನ್ನು ಪಕ್ಕಕ್ಕೆ ತಿರುಗಿಸಿ, ಅದರ ತುದಿ ಮಾತ್ರ ನಿಮ್ಮಿಂದ ಒಂದು ಕೋಲುದ್ದ ದೂರದಲ್ಲಿ ನೀರನ್ನು ಮುಟ್ಟುವಂತೆ ಇಳಿಸಿ. ಅದು ಬೆನ್ನ ಹಿಂದೆ ಬೀಳಬಾರದು. ಪಕ್ಕದಲ್ಲಿ, ತುಸು ಮುಂದೆ ಬೀಳಬೇಕು. ಅಲ್ಲಿ ಮಲಗಿದ ತುದಿ ನೀವು ಎಸೆಯಬೇಕಾದ ದಿಕ್ಕನ್ನೇ ತೋರುತ್ತಿರಬೇಕು. ಓರೆಯಾಗಿ ಬಿದ್ದರೆ ಲೈನಿಗೆ ಲೈನು ಅಡ್ಡ ಹಾದು ಗೋಜಲಾಗುತ್ತದೆ.

ಮೂರನೆಯದು ಬಿಲ್ಲು. ಕೋಲು ನಿಮ್ಮ ಕಿವಿಯ ಪಕ್ಕಕ್ಕೆ ಏರಿ ನಿಂತಾಗ ಲೈನಿನ ನಡುಭಾಗ ಬೆನ್ನ ಹಿಂದೆ ಗಾಳಿಯಲ್ಲಿ ಹೊಟ್ಟೆ ಬಿಡುತ್ತದೆ. ಪಕ್ಕದಿಂದ ನೋಡಿದವರಿಗೆ ಅದು ಇಂಗ್ಲಿಷಿನ 'ಡಿ' ಅಕ್ಷರದಂತೆ ಕಾಣುತ್ತದೆ. ಕೋಲೇ ಅದರ ನೆಟ್ಟಗಿನ ಗೆರೆ, ಲೈನೇ ಅದರ ಹೊಟ್ಟೆ. ಈ ಹೊಟ್ಟೆಗೆ ಬೇಕಾದ ಜಾಗ ಕೆಲವೇ ಅಡಿ. ಮರಕ್ಕೆ ಸಿಕ್ಕದೆ ಎಸೆಯುವ ಗುಟ್ಟು ಇಷ್ಟೇ.

ನಾಲ್ಕನೆಯದು ಎಸೆತ. ಬಲಗೈ ಮುಂದಕ್ಕೆ ತಳ್ಳಲಿ, ಅದೇ ಹೊತ್ತಿಗೆ ಎಡಗೈ ಕೋಲಿನ ಬುಡವನ್ನು ಹೊಟ್ಟೆಯ ಕಡೆಗೆ ಎಳೆಯಲಿ. ನಿಧಾನವಾಗಿ ಆರಂಭಿಸಿ, ವೇಗ ಏರಿಸಿ, ಕೋಲು ಇನ್ನೂ ಎತ್ತರದಲ್ಲಿರುವಾಗಲೇ ಥಟ್ಟನೆ ನಿಲ್ಲಿಸಿ. ಲೈನು ಚಾಪೆ ಬಿಚ್ಚಿಕೊಂಡಂತೆ ನದಿಯ ಮೇಲೆ ಉರುಳುತ್ತಾ ಹೋಗುತ್ತದೆ.

ಹೊಸಬರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಕೆಳಗಿನ ಕೈಗೆ ಕೆಲಸ ಕೊಡದೆ ಮೇಲಿನ ಕೈಯಿಂದಲೇ ಎಲ್ಲವನ್ನೂ ಮಾಡಲು ಹೊರಡುತ್ತಾರೆ. ಲೈನು ಮುಂದೆ ಹೋಗದಿದ್ದರೆ ಇನ್ನಷ್ಟು ಬಲ ಹಾಕುತ್ತಾರೆ. ಆಗ ಲಂಗರು ಕಿತ್ತುಬಂದು ಚಾವಟಿ ಬೀಸಿದಂತೆ ಸದ್ದಾಗುತ್ತದೆ. ಮುಂದೆ ಕೇಳುವುದು "ಕೋಲೇ ಸರಿಯಿಲ್ಲ" ಎಂಬ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಗುಂಡಪ್ಪ ವಿಶ್ವನಾಥರ ಲೇಟ್ ಕಟ್ ನೆನಪಿದೆಯೇ? ಆ ಕುಳ್ಳ ದೇಹದಿಂದ ಚೆಂಡು ಗಡಿ ದಾಟುತ್ತಿದ್ದುದು ಬಲದಿಂದಲ್ಲ, ಸಮಯಪ್ರಜ್ಞೆಯಿಂದ. ಇಲ್ಲಿಯೂ ಅದೇ. ಕೋಲು ತಾನೇ ಬಾಗಲು, ತಾನೇ ನೆಟ್ಟಗಾಗಲು ನೀವು ಅವಕಾಶ ಕೊಡಬೇಕು, ಅಷ್ಟೆ.

ಗಾಳಿಗೆ ಗೌರವ

ಒಂದು ನಿಯಮವನ್ನು ಮಾತ್ರ ಮರೆಯುವಂತಿಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಲಂಗರು ಆ ಕಡೆಗೇ ಬೀಳಬೇಕು. ಗಾಳಿ ಹರಿವಿಗೆ ಎದುರಾಗಿ ಮೇಲಕ್ಕೆ ಬೀಸುತ್ತಿದ್ದರೆ ಲಂಗರೂ ನಿಮ್ಮ ಮೇಲ್ಹರಿವಿನ ಪಕ್ಕದಲ್ಲಿರಲಿ. ಇದಕ್ಕೆ 'ಸಿಂಗಲ್ ಸ್ಪೇ' ಎಂಬ ಬೀಸು. ಗಾಳಿ ಹರಿವಿನ ಜೊತೆ ಕೆಳಕ್ಕೆ ಬೀಸುತ್ತಿದ್ದರೆ ಲಂಗರು ಕೆಳಹರಿವಿನ ಪಕ್ಕದಲ್ಲಿ. ಇದಕ್ಕೆ 'ಡಬಲ್ ಸ್ಪೇ'. ಇದರಲ್ಲಿ ಕೋಲನ್ನು ಮೊದಲು ಮೇಲ್ಹರಿವಿನ ಕಡೆಗೆ ಒಯ್ದು, ಮತ್ತೆ ಕೆಳಕ್ಕೆ ತಂದು, ಆಮೇಲೆ ಎಸೆಯುತ್ತಾರೆ. ಕಾರಣ ಸರಳ. ಗಾಳಿ ಕೊಕ್ಕೆಯನ್ನು ನಿಮ್ಮಿಂದ ಆಚೆಗೆ ತಳ್ಳಬೇಕು, ನಿಮ್ಮ ಮುಖದ ಕಡೆಗಲ್ಲ. ಇಲ್ಲಿ ತಪ್ಪಿದರೆ ಕೊಕ್ಕೆ ಕಿವಿಗೋ ಕಣ್ಣಿಗೋ ಬರುತ್ತದೆ. ಹಾಗಾಗಿ ಕನ್ನಡಕ, ಟೋಪಿ ಕಡ್ಡಾಯ. ಕಲಿಯುವಷ್ಟು ದಿನ ಕೊಕ್ಕೆಯ ಬದಲು ಬಣ್ಣದ ಉಣ್ಣೆಯ ತುಣುಕು ಕಟ್ಟುವುದೇ ಜಾಣತನ.

ನೀರಿಗಿಳಿಯುವ ಮೊದಲು ಜೊತೆಗೆ 'ಗಿಲ್ಲಿ' ಇರಲಿ. ನಮ್ಮ ಗಿಲ್ಲಿದಾಂಡಿನ ಗಿಲ್ಲಿಯಲ್ಲ! ನದಿಯ ಆಳ ಅಗಲ ಬಲ್ಲ ಅಲ್ಲಿನ ಸಹಾಯಕನಿಗೆ ಈ ಹೆಸರು. ಹುಡುಗ, ಆಳು ಎಂಬ ಅರ್ಥದ ಗೇಲಿಕ್ ಪದ. ಆತ ನಿಲ್ಲಬೇಡಿ ಎಂದ ಕಡೆ ನಿಲ್ಲಬೇಡಿ. ಅಲ್ಲಿ ಫೆಬ್ರವರಿ 11ರಿಂದ ಸೆಪ್ಟೆಂಬರ್ 30ರವರೆಗೆ ಸಾಲ್ಮನ್ ಹಂಗಾಮು. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ. ಉಳಿದ ದಿನಗಳಲ್ಲೂ ನದಿಯ ಹಕ್ಕುದಾರರ ಪರವಾನಗಿ ಬೇಕು.

ಪರವೂರಿಗೆ ಹೋಗಿ ಬರುವ ಮೀನು

ಇಷ್ಟೆಲ್ಲ ಯಾರಿಗಾಗಿ? ಸಾಲ್ಮನ್ ಎಂಬ ಮೀನಿಗಾಗಿ. ಅದು ಹುಟ್ಟುವುದು ನದಿಯ ಮೇಲ್ಭಾಗದ ತಿಳಿನೀರಿನ ಜಲ್ಲಿಯಲ್ಲಿ. ಕೆಲವು ವರ್ಷ ಅಲ್ಲಿ ಬೆಳೆದು ಕಡಲಿಗೆ ಇಳಿಯುತ್ತದೆ. ಗ್ರೀನ್‌ಲೆಂಡಿನ ಹತ್ತಿರದವರೆಗೂ ಹೋಗಿ ಮೈತುಂಬಿಕೊಂಡು, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ನದಿಯನ್ನೇ ಹುಡುಕಿಕೊಂಡು ಮರಳುತ್ತದೆ. ದಾರಿ ತೋರುವುದು ಆ ನೀರಿನ ವಾಸನೆ. ಹೊಟ್ಟೆಪಾಡಿಗೆ ದೂರ ಬಂದು, ಊರಿನ ಮಣ್ಣಿನ ವಾಸನೆಗೆ ಇಂದಿಗೂ ಮೂಗರಳಿಸುವ ನಮಗೆ ಈ ಮೀನಿನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋಜಿಗವೆಂದರೆ, ನದಿಗೆ ಮರಳಿದ ಮೇಲೆ ಸಾಲ್ಮನ್ ಉಣ್ಣುವುದಿಲ್ಲ. ಹಸಿವೇ ಇಲ್ಲದ ಮೀನು ಗರಿಯ ಕೊಕ್ಕೆಗೆ ಬಾಯಿ ಹಾಕುವುದೇಕೆ? ಸಿಟ್ಟೋ, ಹಳೆಯ ಅಭ್ಯಾಸವೋ, ಕುತೂಹಲವೋ, ಬಲ್ಲವರಲ್ಲೇ ವಾದವಿದೆ. ಹಾಗಾಗಿ ಗಾಳಗಾರ ಲೈನನ್ನು ಓರೆಯಾಗಿ ಎಸೆದು, ಫ್ಲೈ ನದಿಯನ್ನು ಅಡ್ಡ ದಾಟುವವರೆಗೆ ಕಾದು, ಎರಡು ಹೆಜ್ಜೆ ಕೆಳಗಿಳಿದು, ಮತ್ತೆ ಎಸೆಯುತ್ತಾನೆ. ದಿನವಿಡೀ ಎಸೆದರೂ ಒಂದೂ ತಾಗದಿರುವುದೇ ಹೆಚ್ಚು. ಬೀಸುವುದರಲ್ಲೇ ಸಂತೋಷ ಕಾಣದವನಿಗೆ ಈ ಆಟ ಹಿಡಿಸದು.

ಆದರೆ ಈಗ ಮೀನೇ ಕಡಿಮೆಯಾಗುತ್ತಿದೆ. 1952ರಿಂದ ಲೆಕ್ಕವಿಡುತ್ತಿರುವ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳ ಸಂಖ್ಯೆ 2023ರಲ್ಲಿ ಅತಿ ಕೆಳಕ್ಕೆ ಇಳಿಯಿತು. ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದೇ ವರ್ಷ ಹೇಳಿತು. ಕಡಲಿಗೆ ಹೋದವುಗಳಲ್ಲಿ ಮರಳುವವು ಕಡಿಮೆ. ನದಿಯ ನೀರೂ ಬೆಚ್ಚಗಾಗುತ್ತಿದೆ. ಈಗ ಗಾಳಕ್ಕೆ ಸಿಕ್ಕ ಬಹುಪಾಲು ಮೀನುಗಳನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಬಿಟ್ಟುಬಿಡುತ್ತಾರೆ. ಬಿಡುವುದಾದರೆ ಹಿಡಿಯುವುದೇಕೆ, ಮೀನಿಗೆ ಹಿಂಸೆಯಲ್ಲವೇ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನದಿಗೆ ಹಣ ತೆತ್ತು ಬರುವ ಗಾಳಗಾರನಿಲ್ಲದಿದ್ದರೆ ಆ ನದಿಯನ್ನು ಕಾಯುವವರಾರು ಎಂದು ಅಲ್ಲಿನವರು ಮರುಪ್ರಶ್ನೆ ಹಾಕುತ್ತಾರೆ. ಎರಡನ್ನೂ ತೂಗಿ ನೋಡುವ ಕೆಲಸ ನಿಮ್ಮದು.

ನಮ್ಮ ಕಾವೇರಿಯ ಮಾತು

ಈ ಪ್ರಶ್ನೆ ನಮಗೂ ದೂರದ್ದಲ್ಲ. ಭಾರತದ ಗಾಳಗಾರಿಕೆಯ ಹೆಸರಾಂತ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' ಮೊದಲು ಅಚ್ಚಾದುದು 1873ರಲ್ಲಿ, ನಮ್ಮ ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮೀನು ಹಿಡಿದು ಬಿಡುವ ಶಿಬಿರಗಳು ನಡೆಯುತ್ತಿದ್ದವು. ವನ್ಯಧಾಮದ ಕಾನೂನಿನಡಿ 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತಿತು. ಅದರಿಂದ ಮೀನು ಉಳಿಯಿತೋ, ಕಾವಲಿಗರು ಹೋಗಿ ಸಿಡಿಮದ್ದಿನವರಿಗೆ ಅನುಕೂಲವಾಯಿತೋ ಎಂಬ ಚರ್ಚೆ ಮುಂದುವರಿದಿದೆ. ಇತ್ತ ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ತಿನ್ನುವ ಮೀನುಗಳಿಗೆ ಕಾನೂನಿನ ಹಂಗೇ ಬೇಕಾಗಿಲ್ಲ. ಜನರ ಭಕ್ತಿಯೇ ಅವಕ್ಕೆ ಕಾವಲು.

ಮೀನು ಬೇಡ, ಬೀಸುವುದನ್ನಷ್ಟೇ ಕಲಿಯುತ್ತೇನೆ ಎನ್ನುವವರು ಮನೆಯಲ್ಲೇ ಆರಂಭಿಸಬಹುದು. ಒಂದು ಗಜದ ಬಳುಕುವ ಕಡ್ಡಿಗೆ ಮೂರು ನಾಲ್ಕು ಗಜ ದಪ್ಪ ಉಣ್ಣೆದಾರ ಕಟ್ಟಿ, ಕಟ್ಟಡದ ತಾರಸಿಯ ಮೇಲೆ ನಿಂತು, ಎತ್ತು, ಲಂಗರು, ಬಿಲ್ಲು, ಎಸೆತ ಎಂದು ಹೇಳಿಕೊಳ್ಳುತ್ತಾ ಬೀಸಿ ನೋಡಿ. ನೆಲಕ್ಕೆ ನೀರಿನ ಹಿಡಿತವಿಲ್ಲದ ಕಾರಣ ಲಂಗರು ಜಾರುತ್ತದೆ. ದಾರದ ತುದಿಗೆ ಕೆಲವು ಗಂಟು ಹಾಕಿದರೆ ಸ್ವಲ್ಪ ಕಚ್ಚಿಕೊಳ್ಳುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಪವಾಯಿ ಕೆರೆಯ ದಡಕ್ಕೆ ಹೋಗುವ ಉತ್ಸಾಹಿಗಳು ಅನುಮತಿ ಕೇಳಿಯೇ ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ!

ಕೊನೆಗೊಂದು ಮಾತು. ಸ್ಕಾಟ್ಲೆಂಡಿನಲ್ಲಿ ಈಗ ನದಿ, ಉಪನದಿಗಳ ದಡದುದ್ದಕ್ಕೂ ಮರ ನೆಡುತ್ತಿದ್ದಾರೆ. ನೆರಳು ಬಿದ್ದರೆ ನೀರು ತಂಪಾದೀತು, ಮರಿಮೀನು ಬದುಕೀತು ಎಂಬ ಆಸೆ. ಅಂದು ಬೆನ್ನ ಹಿಂದೆ ಅಡ್ಡ ನಿಂತು ಗಾಳಗಾರನನ್ನು ಕಾಡಿದ, ಕಾಡಿ ಒಂದು ವಿದ್ಯೆಯನ್ನೇ ಹುಟ್ಟಿಸಿದ ಮರವನ್ನು ಇಂದು ಅವನೇ ಗುಂಡಿ ತೋಡಿ ನೆಡುತ್ತಿದ್ದಾನೆ.