ಗೋಕಾವಿ ಸೀಮೆಯ ಪೇಟೆ ಮತ್ತು ಪತ್ತು

ಗೋಕಾವಿಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಧಬಧಬೆ, ನಾಲಗೆಗೆ ಬರುವುದು ಕರದಂಟು. ಘಟಪ್ರಭೆಯು ೧೭೦ ಅಡಿ ಎತ್ತರದಿಂದ ಧುಮುಕುವ ಆ ನೋಟವನ್ನು ಬಣ್ಣಿಸುವ ಗೆಳೆಯರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು ನಾನು ಪೇಟೆಯ ಸಂಗತಿ ಬರೆಯಬೇಕೆಂದಿದ್ದೇನೆ. ಏಕೆಂದರೆ ಆರನೆಯ ಇಯತ್ತೆಯಿಂದಲೂ ರಜೆಯ ದಿನಗಳಲ್ಲಿ ನಾನು ಕುಳಿತದ್ದು ನಮ್ಮ ಕಾಕಾನ ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ. ಅಲ್ಲಿ ಕುಳಿತಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಸಂಕೇಶ್ವರದಿಂದ ಮೆಣಸಿನಕಾಯಿ ಬರುತ್ತದೆ, ಮಹಾಲಿಂಗಪುರದಿಂದ ಬೆಲ್ಲ ಬರುತ್ತದೆ. ಬಂದ ದಿನ ಯಾರೂ ರೊಕ್ಕ ಎಣಿಸುವುದಿಲ್ಲ, ಛಾಪಾ ಕಾಗದ ಬರೆಯುವುದಿಲ್ಲ. ಇಷ್ಟಾಗಿಯೂ ತಿಂಗಳ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ. ಇದು ಹೇಗೆ?

ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿದೆ. ಅದರ ಹೆಸರು ‘ಪತ್ತು’. ನಮ್ಮ ಕಡೆಯ ಪತ್ತಿನ ಸಂಘಗಳ ಫಲಕಗಳ ಮೇಲೆ ಈ ಮಾತನ್ನು ದಿನವೂ ಓದುತ್ತೇವೆ. ಆದರೆ ಪತ್ತೆಂದರೆ ಬರಿಯ ನಂಬಿಗೆಯೆಂದು ತಿಳಿದರೆ ಅರ್ಧ ತಿಳಿದಂತೆ. ನಂಬಿಗೆ ಇಬ್ಬರ ನಡುವಿನದು. ಪತ್ತು ಹತ್ತು ಮಂದಿಯ ನಡುವಿನದು. ಒಬ್ಬನ ನಡೆ ನುಡಿ, ಅವನ ಹೊಲ ಮನೆ, ಅವನ ಅಣ್ಣ ತಮ್ಮಂದಿರ ಹೊಂದಾಣಿಕೆ, ಕಳೆದ ವರ್ಷ ಅವನು ಯಾರ ಬಾಕಿಯನ್ನು ಯಾವಾಗ ತೀರಿಸಿದ, ಇದೆಲ್ಲ ಪೇಟೆಗೆ ಗೊತ್ತಿರುವುದೇ ಪತ್ತು. ಹಾಗೆ ಗೊತ್ತಾಗಬೇಕಾದರೆ ಜನ ಒಂದೆಡೆ ಕೂಡಬೇಕು. ಕೂಡುವುದಕ್ಕೆ ಸಂತೆ ಬೇಕು, ಜಾತ್ರೆ ಬೇಕು, ಸಭೆ ಬೇಕು. ಇವುಗಳನ್ನು ಬರಿಯ ಕೊಳ್ಳುವ ಮಾರುವ ಜಾಗಗಳೆಂದೋ ಬರಿಯ ಭಕ್ತಿಯ ಸಂಭ್ರಮಗಳೆಂದೋ ಬರೆಯುವವರು ಪೇಟೆಯಲ್ಲಿ ಕುಳಿತವರಲ್ಲವೆಂದು ನನಗೆ ತೋರುತ್ತದೆ.

ಮೊದಲು ಸಂತೆಯನ್ನು ನೋಡೋಣ. ಒಂದೇ ಸೀಮೆಯ ಊರುಗಳಲ್ಲಿ ಸಂತೆಯ ವಾರಗಳು ಒಂದಕ್ಕೊಂದು ತಾಗದಂತೆ ಹಂಚಿಕೊಂಡಿರುತ್ತವೆ. ಇದನ್ನು ಯಾವ ಸರಕಾರವೂ ಕುಳಿತು ಗೊತ್ತು ಮಾಡಿದ್ದಲ್ಲ. ಒಂದು ಊರಿನ ಗಿರಾಕಿ ದಿನವೂ ಬಳೆ ಕೊಳ್ಳುವುದಿಲ್ಲ; ಬಳೆಗಾರನಿಗಾದರೋ ದಿನವೂ ಹೊಟ್ಟೆಯಿದೆ. ಆದುದರಿಂದ ಗಿರಾಕಿ ಕುಳಿತಲ್ಲೇ ಇದ್ದು ವ್ಯಾಪಾರಿ ತಿರುಗುತ್ತಾನೆ. ಏಳು ದಿನಕ್ಕೆ ಐದಾರು ಊರು ತಿರುಗಿ ಮತ್ತೆ ಅದೇ ಗಿಡದ ಕೆಳಗೆ ಅದೇ ಜಾಗದಲ್ಲಿ ಚೀಲ ಬಿಚ್ಚುತ್ತಾನೆ. ಆ ಜಾಗಕ್ಕೆ ಬೇಲಿಯಿಲ್ಲ, ಹಕ್ಕುಪತ್ರವಿಲ್ಲ. ಆದರೂ ಇನ್ನೊಬ್ಬ ಅಲ್ಲಿ ಕೂಡುವುದಿಲ್ಲ. ಹೀಗೆ ತಿರುಗುವವನ ಕೂಡ ಸುದ್ದಿಯೂ ತಿರುಗುತ್ತದೆ. ಯಾವ ಹಳ್ಳಿಯಲ್ಲಿ ಗೋವಿನಜೋಳ ಕೈಕೊಟ್ಟಿತು, ಯಾರ ಮನೆಯಲ್ಲಿ ಲಗ್ನ ನಿಂತಿತು, ಯಾರು ಎತ್ತು ಮಾರಲು ಹೊರಟಿದ್ದಾರೆ ಎಂಬುದೆಲ್ಲ ನಮ್ಮ ಕಾಕಾನಿಗೆ ಪತ್ರಿಕೆಗಿಂತ ಮೊದಲು ಸಂತೆಯವರಿಂದಲೇ ತಿಳಿಯುತ್ತದೆ.

ಎತ್ತಿನ ಮಾತು ಬಂತು. ಮೂಡಲಗಿಯ ದನಗಳ ಪೇಟೆಯನ್ನು ನೋಡದ ಮಿತ್ರರು ಒಮ್ಮೆಯಾದರೂ ಹೋಗಿ ನೋಡಬೇಕು. ಮೂಡಲಗಿ ಬಹುಕಾಲ ಗೋಕಾವಿ ತಾಲೂಕಿನ ಊರಾಗಿದ್ದು, ೨೦೧೮ರಲ್ಲಿ ತಾನೇ ತಾಲೂಕಿನ ಠಾಣೆಯಾಯಿತು. ಕಚೇರಿ ಬರುವುದಕ್ಕೆ ಎಷ್ಟೋ ಮೊದಲೇ ಸುತ್ತಿನ ಒಕ್ಕಲುಮಕ್ಕಳನ್ನು ಅಲ್ಲಿಗೆ ಎಳೆಯುತ್ತಿದ್ದುದು ದನಗಳ ಪೇಟೆ. ಅಲ್ಲಿ ಮಾರುವವನೂ ಕೊಳ್ಳುವವನೂ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ನಡುವೆ ದಲಾಲಿ ನಿಲ್ಲುತ್ತಾನೆ. ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹೊದಿಸಿ ಅದರ ಕೆಳಗೆ ಒಬ್ಬನ ಬೆರಳುಗಳನ್ನು ಇನ್ನೊಬ್ಬ ಹಿಡಿಯುತ್ತಾನೆ. “ಇದು ಸಾವಿರ” ಎಂದು ಮೂರು ಬೆರಳು ಹಿಡಿದರೆ ಮೂರು ಸಾವಿರ. “ಇದು ನೂರು” ಎಂದು ಮತ್ತೆ ಐದು ಹಿಡಿದರೆ ಮೇಲೆ ಐದು ನೂರು. ಸುತ್ತ ನಿಂತವರಿಗೆ ಕೇಳಿಸುವುದು ಸಾವಿರ, ನೂರು ಎಂಬ ಮಾತು. ಎಷ್ಟೆಂಬುದು ಟವೆಲಿನೊಳಗೇ ಉಳಿಯುತ್ತದೆ. ಮಾರುವವ ತಲೆಯಾಡಿಸುತ್ತಾನೆ, ಕೈ ಕೊಸರಿಕೊಳ್ಳುತ್ತಾನೆ, ದಲಾಲಿ ಮತ್ತೆ ಹಿಡಿದೆಳೆಯುತ್ತಾನೆ. ನೋಡುವವರಿಗೆ ಜಗಳವೇ ನಡೆದಂತೆ ತೋರಬೇಕು.

ಈ ಗುಟ್ಟೇಕೆಂದು ಒಮ್ಮೆ ನಾನೊಬ್ಬ ಮುದುಕ ದಲಾಲಿಯನ್ನು ಕೇಳಿದೆ. “ನೋಡಪಾ ತಮ್ಮಾ, ಒಬ್ಬಾಂವ ಕಡಿಮಿ ಕೇಳಿ ಬಿಟ್ಟು ಹೋದಾ ಅಂತ ನಾಲ್ಕು ಮಂದಿಗೆ ಗೊತ್ತಾತಂದ್ರ, ಆ ಎತ್ತಿಗೆ ಇವತ್ತ ಅದ ರೇಟು. ಮುಂದ ಯಾರೂ ಏರಂಗಿಲ್ಲ” ಎಂದ. ಅವನ ಮಾತಿನಲ್ಲಿ ಒಂದು ಇಡೀ ಪಾಠವಿದೆ. ಮೇವಿಲ್ಲದೆ ಎತ್ತು ಮಾರಲು ಬಂದವನ ಅವಸರ ಬಯಲಾದರೆ ಬೆಲೆ ಬೀಳುತ್ತದೆ. ಹಾಗೆಯೇ ಮಗಳ ಲಗ್ನಕ್ಕೆಂದು ಮಾರುವವನ ಅಡಚಣೆಯೂ ಟವೆಲಿನ ಕೆಳಗೆ ಮುಚ್ಚಿಹೋಗುತ್ತದೆ. ಬೆಲೆ ಕೂಡಿತೆಂದರೆ ಕೊಳ್ಳುವವ ಸಂಚಕಾರ ಕೊಡುತ್ತಾನೆ. ಸಂಚಕಾರ ಹಿಡಿದವ ಹೆಚ್ಚಿನ ಬೆಲೆ ಬಂದರೂ ತಿರುಗಬಾರದು. ತಿರುಗಿದವನ ಹೆಸರು ಮುಂದಿನ ವಾರದೊಳಗೆ ನಾಲ್ಕೂ ಪೇಟೆ ಸುತ್ತಿರುತ್ತದೆ. ಬೆಲೆ ಗುಟ್ಟು, ನಡತೆ ಬಯಲು! ಈ ಎರಡನ್ನೂ ಒಂದೇ ಬಯಲಿನಲ್ಲಿ ಹೊಂದಿಸಿದ ನಮ್ಮ ಹಿರಿಯರ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಇಷ್ಟಾದರೂ ದಲಾಲಿಗಳೆಲ್ಲ ಧರ್ಮರಾಯರೆಂದು ನಾನು ಹೇಳಲಾರೆ. ಟವೆಲಿನ ಕೆಳಗೆ ಕೊಳ್ಳುವವನಿಗೊಂದು, ಮಾರುವವನಿಗೊಂದು ಬೆರಳು ತೋರಿಸಿ ನಡುವಿನದನ್ನು ನುಂಗುವವರೂ ಇರುತ್ತಾರೆ. ಕಾಳುಕಡಿಯ ಪೇಟೆಗಾದರೆ ಇಂಥ ಗುಟ್ಟನ್ನು ತಡೆಯಲೆಂದೇ ಮುಂಬಯಿ ಸರಕಾರ ೧೯೩೯ರಲ್ಲಿ ಕಾಯ್ದೆ ಮಾಡಿತು. ಏಕೀಕರಣದ ತರುವಾಯ ನಮ್ಮ ರಾಜ್ಯದ ಕಾಯ್ದೆ ೧೯೬೬ರಲ್ಲಿ ಬಂತು. ಅಡತಿ ಅಂಗಡಿಗಳ ಮುಂದೆ ಬಹಿರಂಗ ಲಿಲಾವು ನಡೆಯುವುದು ಅದರ ಫಲವೇ.

ಗೋಕಾವಿಯ ಗಿರಣಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ೧೮೮೫ರಲ್ಲಿ ಕಂಪನಿ ಹುಟ್ಟಿತು; ೧೮೮೭ರಲ್ಲಿ ಧಬಧಬೆಯ ನೀರಿನಿಂದ ವಿದ್ಯುತ್ತು ತೆಗೆದರು. ಒಕ್ಕಲಿಗನ ಕೈಗೆ ರೊಕ್ಕ ಬರುವುದು ಸುಗ್ಗಿಗೆ, ಗಿರಣಿಯವನಿಗಾದರೆ ಪಗಾರದ ದಿನಕ್ಕೆ. ಈ ಎರಡು ಬಗೆಯ ಗಿರಾಕಿಗಳು ಇರುವುದರಿಂದಲೇ ನಮ್ಮ ಅಂಗಡಿಗಳ ಉದ್ರಿ ಖಾತೆಯಲ್ಲಿ ತಿಂಗಳ ಬಾಕಿ ಬೇರೆ, ಸುಗ್ಗಿಯ ಬಾಕಿ ಬೇರೆ.

ಇನ್ನು ಜಾತ್ರೆ. ಗೋಕಾವಿಯ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ ವರ್ಷ ವರ್ಷವೂ ಬರುವುದಲ್ಲ. ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಬಂದಾಗ ಬಂಡಾರದಲ್ಲಿ ಊರು ಹಳದಿಯಾಗುತ್ತದೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮನೆಗಳಿಗೆ ಸುಣ್ಣ ಬಣ್ಣ ಆಗುತ್ತದೆ, ಹೊಸ ಅರಿವೆ ಬರುತ್ತದೆ, ನೆಂಟರ ಬುತ್ತಿಯೊಳಗೆ ಕರದಂಟು ಸೇರುತ್ತದೆ. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೇರುಬೀಜ ಕೂಡಿಸಿ ಮಾಡುವ ಈ ತಿನಿಸು ಬಾಣಂತಿಯ ಪಥ್ಯದಿಂದ ಪೇಟೆಯ ಪೆಟ್ಟಿಗೆಗೆ ಏರಿದ್ದಕ್ಕೆ ಜಾತ್ರೆಯ ನೆಂಟರೂ ಕಾರಣವೆಂದು ನನ್ನ ತರ್ಕ. ಗೋಕಾವಿಯ ಬಣ್ಣದ ಕಟ್ಟಿಗೆಯ ಗೊಂಬೆ ಹಣ್ಣುಗಳನ್ನು ಮಾಡುವ ಜೀನಗಾರರಿಗೂ ಇಂಥ ನೆರವಿಯೇ ಅಂಗಡಿ.

ಆದರೆ ನನ್ನ ಗಮನ ಸೆಳೆಯುವುದು ಜಾತ್ರೆಗಿಂತ ಮೊದಲು ನಡೆಯುವ ಒಂದು ಕೆಲಸ: ಪಟ್ಟಿ ಎತ್ತುವುದು. ದೊಡ್ಡ ಜಾತ್ರೆಯಿರಲಿ, ಓಣಿಯ ಉತ್ಸವವಿರಲಿ, ಐದಾರು ಹಿರಿಯರು ವಹಿ ಹಿಡಿದು ಅಂಗಡಿಯಿಂದಂಗಡಿಗೆ ಬರುತ್ತಾರೆ. ಮೊದಲು ಯಾರ ಹೆಸರು ಬರೆಯಬೇಕು, ಎಷ್ಟು ಬರೆಯಬೇಕು ಎಂಬುದರಲ್ಲಿ ಪೇಟೆಯ ರಾಜಕಾರಣವೆಲ್ಲ ಅಡಗಿದೆ. ಹೆಚ್ಚು ಬರೆಸಿದರೆ “ಎಲ್ಲಿಂದ ಬಂತು?” ಎನ್ನುತ್ತಾರೆ, ಕಡಿಮೆ ಬರೆಸಿದರೆ “ಅಂಗಡಿ ಕುಂದಿತೇನು?” ಎನ್ನುತ್ತಾರೆ. ಕೊನೆಗೆ ಗುಡಿಯ ಮುಂದೆ ಆ ಪಟ್ಟಿಯನ್ನು ಗಟ್ಟಿಯಾಗಿ ಓದುವಾಗ ಹೊರಊರಿನ ಸಗಟು ವ್ಯಾಪಾರಿಯೊಬ್ಬ ಅಲ್ಲಿ ನಿಂತು ಕೇಳಿದನೆಂದರೆ, ಯಾರಿಗೆ ಎಷ್ಟು ಉದ್ರಿ ಕೊಡಬಹುದೆಂಬುದು ಅವನಿಗೆ ಬೇರೆ ಕೇಳಬೇಕಾಗಿಲ್ಲ. ರಾತ್ರಿ ಆಟ. ಶ್ರೀಕೃಷ್ಣ ಪಾರಿಜಾತವನ್ನು ಕಟ್ಟಿದ ತಮ್ಮಣ್ಣ ಕುಲಗೋಡಿನವನು. ಅದನ್ನು ಆಡಿ ನಾಡಿಗೆಲ್ಲ ಹೆಸರಾದ ನಿಂಗಮ್ಮ ಕೌಜಲಗಿಯವಳು. ಎರಡೂ ಹಿಂದಿನ ಗೋಕಾವಿ ತಾಲೂಕಿನ ಊರುಗಳೇ. ಬೆಳತನಕ ನಡೆಯುವ ಆಟದ ನಡುವೆ ಚಹದ ಅಂಗಡಿಯ ಹತ್ತಿರ ನಿಂತು ಹಳೆಯ ಬಾಕಿಯ ತಂಟೆಗಳು ಬಗೆಹರಿಯುವುದನ್ನು ನಾನು ಕಂಡಿದ್ದೇನೆ.

ಧರ್ಮಕ್ಕೆ ಕೊಡುವ ನೆವದಲ್ಲಿ ವ್ಯಾಪಾರಸ್ಥರು ಕೂಡುವುದು ಇಂದಿನದಲ್ಲ. ಬೆಳಗಾವಿಯಲ್ಲಿ ಆಳಿದ ರಟ್ಟರ ೧೨೦೪ರ ಶಾಸನ ಬಲ್ಲವರಿಗೆ ಗೊತ್ತು: ಕೂಂಡಿ ನಾಡಿನ ವರ್ತಕರೊಡನೆ ಲಾಳ, ಮಲೆಯಾಳ ದೇಶಗಳ ವರ್ತಕರೂ ಕೂಡಿ ಬಸದಿಗೆ ದತ್ತಿ ಬಿಟ್ಟರು. ಅದೂ ಒಂದು ಪಟ್ಟಿಯೇ. ಕಲ್ಲಿನ ಮೇಲೆ ಬರೆದದ್ದೆಂಬುದಷ್ಟೇ ಭೇದ.

ಈಗ ಭಿಶಿಯ ಮಾತು. ಹನ್ನೆರಡು ಮಂದಿ ಅಂಗಡಿಕಾರರು ತಿಂಗಳಿಗೆ ತಲಾ ೫,೦೦೦ ರೂಪಾಯಿ ಹಾಕಿದರೆ ೬೦,೦೦೦ ಕೂಡುತ್ತದೆ. ಅಡಚಣೆಯಿದ್ದವ “ನನಗೆ ೫೪,೦೦೦ ಸಾಕು” ಎಂದು ಲಿಲಾವಿನಲ್ಲಿ ಕೂಗಿ ಎತ್ತುತ್ತಾನೆ. ಬಿಟ್ಟ ೬,೦೦೦ ಹನ್ನೆರಡು ಮಂದಿಗೆ ತಲಾ ೫೦೦ರಂತೆ ಹಂಚಿಹೋಗುತ್ತದೆ. ಮೊದಲು ಎತ್ತಿದವನಿಗೆ ಅದು ಸಾಲ, ಕೊನೆಗೆ ಎತ್ತುವವನಿಗೆ ಉಳಿತಾಯ. ಕೂಡುವ ಜಾಗವೂ ಒಂದೊಂದು ತಿಂಗಳು ಒಬ್ಬೊಬ್ಬರ ಅಂಗಡಿ; ಆ ದಿನದ ಚಹಾ ಚುರುಮುರಿ ಅಂಗಡಿಯವನದು. ಇಲ್ಲಿ ನನಗೆ ಅಮೆರಿಕದ ಚಿಕಾಗೋ ನೆನಪಾಗುತ್ತದೆ. ೧೯೦೫ರ ಫೆಬ್ರುವರಿ ೨೩ರಂದು ಪಾಲ್ ಹ್ಯಾರಿಸ್ ಎಂಬ ವಕೀಲ ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಸಿಂಪಿಗನನ್ನು ಕೂಡಿಸಿಕೊಂಡು ಒಂದು ಕೂಟ ಕಟ್ಟಿದ. ಸಣ್ಣ ಊರಲ್ಲಿ ಬೆಳೆದು ಬಂದಿದ್ದ ಅವನಿಗೆ ಆ ದೊಡ್ಡ ಪಟ್ಟಣದಲ್ಲಿ ಊರಿನಂಥ ಗೆಳೆತನ ಬೇಕಾಗಿತ್ತು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಕೂಡುತ್ತಿದ್ದುದರಿಂದ ಅದಕ್ಕೆ ರೋಟರಿ ಎಂದು ಹೆಸರಾಯಿತು. ಅದೇ ವರ್ಷ ಮೇ ೮ರಂದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದೆನಿಸಿದ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಒಬ್ಬರಿಗೊಬ್ಬರ ಸುಳಿವಿರದ ಈ ಇಬ್ಬರು ಮೂರು ತಿಂಗಳೊಳಗೆ ಒಂದೇ ಗಂಟನ್ನು ಬಿಚ್ಚಲು ಹೊರಟಿದ್ದು ನನಗೆ ವಿಸ್ಮಯ.

ಭಿಶಿಯ ಕುಂದೂ ಹೇಳಬೇಕು. ೧೯೮೨ರ ಚೀಟಿ ನಿಧಿ ಕಾಯ್ದೆಯಂತೆ ಚೀಟಿ ನಡೆಸುವವರು ನೋಂದಣಿ ಮಾಡಿಸಬೇಕು; ಗೆಳೆಯರ ಭಿಶಿಗೆ ಆ ಕಾಗದ ಎಲ್ಲಿಯದು? ಮೊದಲು ಎತ್ತಿದವ ಊರು ಬಿಟ್ಟರೆ ಉಳಿದವರು ಯಾವ ಬಾಗಿಲು ತಟ್ಟಬೇಕು? ಪರಿಚಯದ ಬಲ ಪರಿಚಯ ಇರುವತನಕ ಮಾತ್ರ.

ಪರಿಚಯವನ್ನು ಕಾಯ್ದೆಯೊಳಗೆ ತಂದ ಉದಾಹರಣೆ ಬೇಕಾದರೆ ಹುಕ್ಕೇರಿಗೆ ಹೋಗಬೇಕು. ೧೯೬೯ರಲ್ಲಿ ಗ್ರಾಮಗಳಿಗೆ ವಿದ್ಯುತ್ತು ಒಯ್ಯಲು ದೇಶದಲ್ಲಿ ಐದು ಸಹಕಾರಿ ಸಂಘಗಳನ್ನು ಪ್ರಯೋಗಕ್ಕೆಂದು ಆರಿಸಿದರು, ಅವುಗಳಲ್ಲಿ ಹುಕ್ಕೇರಿಯದೊಂದು. ರಾಜ್ಯದಲ್ಲಿ ಇಂಥ ಸಂಘ ಇದೊಂದೇ. ಸಂಘವು ಸಗಟಾಗಿ ವಿದ್ಯುತ್ತು ಕೊಂಡು ಹುಕ್ಕೇರಿ ಸೀಮೆಯ ಮನೆಗಳಿಗೆ, ಪಂಪುಗಳಿಗೆ, ಹಿಟ್ಟಿನ ಗಿರಣಿಗಳಿಗೆ ಹಂಚುತ್ತದೆ. ಬೇರೆ ತಾಲೂಕಿನವ ಲೈಟು ಹೋದರೆ ಕಂಪನಿಗೆ ಅರ್ಜಿ ಬರೆಯುತ್ತಾನೆ; ಹುಕ್ಕೇರಿಯ ಶೇರುದಾರನಾದರೆ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಚುನಾವಣೆ ಬಂದಾಗ ಅಲ್ಲಿಯ ಹುರುಪನ್ನು ನೋಡಬೇಕು. ಅತಿಯಾಯಿತೆಂದು ಮೂಗು ಮುರಿಯುವವರಿದ್ದಾರೆ. ನನಗಂತೂ ತಂತಿ ಕಂಬ ನಮ್ಮದೆನ್ನುವ ಜಗಳ, ಯಾರದೋ ಕಂಬವೆನ್ನುವ ಸುಮ್ಮನಿರುವಿಕೆಗಿಂತ ಲೇಸೆನಿಸುತ್ತದೆ.

ಈ ಪತ್ತಿನ ಪರೀಕ್ಷೆ ನನ್ನ ಕಣ್ಣ ಮುಂದೆಯೇ ನಡೆದದ್ದು ೨೦೧೯ರ ಆಗಸ್ಟಿನಲ್ಲಿ. ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ ಗೋಕಾವಿಯ ತಗ್ಗಿನ ಓಣಿಗಳೊಳಗೆ ನೀರು ಹೊಕ್ಕಿತು. ನಮ್ಮ ಅಂಗಡಿಯ ಸಕ್ಕರೆ ಕರಗಿಹೋಯಿತು, ಬೇಳೆ ಮೊಳೆಯಿತು. ಕಾಕಾ ಅದಕ್ಕೆ ಅಷ್ಟು ಮರುಗಲಿಲ್ಲ. ಕೆಸರಿನಿಂದ ಎತ್ತಿದ ಉದ್ರಿಯ ವಹಿಯನ್ನು ಬಿಚ್ಚಿ ನೋಡಿ ಕುಸಿದು ಕುಳಿತ. ಹಾಳೆಗಳು ಅಂಟಿಕೊಂಡು ಶಾಯಿ ಹರಡಿತ್ತು. ಯಾರ ಬಾಕಿ ಎಷ್ಟೆಂದು ಹೇಳಲು ಪುಸ್ತಕವೇ ಉಳಿಯಲಿಲ್ಲ. ಅಂಗಡಿ ತೊಳೆದು ತೆರೆದ ಮೇಲೆ ಒಬ್ಬೊಬ್ಬರೇ ಬಂದರು. “ಸಾವಕಾರ್ರ, ನಂದು ಹನ್ನೆರಡು ನೂರು ಐತಿ, ಬರಕೋರಿ. ಕೊಡಾಕ ಈಗ ಏನೂ ಇಲ್ಲ” ಎಂದು ಮನೆಗೋಡೆ ಬಿದ್ದ ಹೆಣ್ಣುಮಗಳೊಬ್ಬಳು ಹೇಳಿದ್ದನ್ನು ನಾನೇ ಹೊಸ ವಹಿಯಲ್ಲಿ ಬರೆದೆ. ಬಾರದವರೂ ಇದ್ದರು, ಅವರೇನು ಬಡವರಾಗಿರಲಿಲ್ಲ. ಒಟ್ಟಿನಲ್ಲಿ ಮುಕ್ಕಾಲು ಬಾಕಿ ಜನರ ಬಾಯಿಂದಲೇ ಮರಳಿ ಬಂತೆಂದು ಕಾಕಾ ಅಂದಾಜು ಮಾಡಿದ. ಆ ವಹಿಯನ್ನೇ ನಂಬಿ ಸಂಕೇಶ್ವರದ ಮೆಣಸಿನಕಾಯಿಯವರು ಮತ್ತೆ ಉದ್ರಿ ಮಾಲು ಕಳಿಸಿದರು. ಮರುವರ್ಷ ಕೊರೋನದ ಕಾಲಕ್ಕೆ ಸಂತೆ ಜಾತ್ರೆಗಳು ನಿಂತಾಗ ಆದ ಹಾನಿ ಬೇರೆ ಬಗೆಯದು. ಸರಕು ಕೆಡಲಿಲ್ಲ, ಆದರೆ ಜನ ಕೂಡಲಿಲ್ಲ. ಯಾರ ಸ್ಥಿತಿ ಏನೆಂದು ಯಾರಿಗೂ ತಿಳಿಯದೆ ಸಗಟಿನವರು ಎಲ್ಲರಿಗೂ ಒಂದೇ ಸಮನೆ ಕೈ ಬಿಗಿಹಿಡಿದರು.

ಈಗ ಅಂಗಡಿಯ ಮುಂದೆ ಫೋನು ತೋರಿಸಿ ಹಣ ಕೊಡುವ ಚೌಕದ ಚಿತ್ರ ಅಂಟಿಸಿದೆ. ಪೆಟ್ಟಿಗೆಯೊಂದು ಹಣ ಬಂತೆಂದು ಕೂಗಿ ಹೇಳುತ್ತದೆ. ಎಣಿಸುವ ತೊಂದರೆ ತಪ್ಪಿತು, ಒಳ್ಳೆಯದೇ. ಆದರೆ ಆ ಪೆಟ್ಟಿಗೆ ಬಂದ ಹಣವನ್ನು ಕೂಗುತ್ತದೆಯೇ ಹೊರತು ಬಾರದ ಹಣ ಏಕೆ ಬರಲಿಲ್ಲವೆಂಬುದನ್ನು ಹೇಳಲಾರದು. ಅದನ್ನು ಕೇಳಲು ಕಾಕಾ ಈಗಲೂ ಸಂತೆಯ ದಿನ ಚೀಲ ಹಿಡಿದು ಹೊರಡುತ್ತಾನೆ.

ಇತ್ತೀಚೆಗೆ ಸಂತೆಯ ಸಾಲಿನಲ್ಲಿ ಹೊಸಬರು ಕುಳಿತಿದ್ದಾರೆ. ೨೦೦೦-೦೧ರಲ್ಲಿ ಸರಕಾರ ತಂದ ಸ್ತ್ರೀಶಕ್ತಿ ಯೋಜನೆಯ ಸಂಘಗಳ ಹೆಣ್ಣುಮಕ್ಕಳು ವಾರ ವಾರ ಉಳಿಸಿದ ರೊಕ್ಕದಿಂದ ಕಟಕರೊಟ್ಟಿ, ಚಟ್ನಿ ಪುಡಿ ಮಾಡಿ ಮಾರುತ್ತಾರೆ. ಕಳೆದ ಸಲ ನಮ್ಮ ಓಣಿಯ ಉತ್ಸವಕ್ಕೆ ಪಟ್ಟಿ ಎತ್ತುವಾಗ ಇಂಥದೊಂದು ಸಂಘ ತಾನಾಗಿ ೧,೧೦೧ ರೂಪಾಯಿ ಬರೆಸಿತು. ಹೆಸರನ್ನು ಎಲ್ಲಿ ಓದಬೇಕೆಂದು ಹಿರಿಯರಲ್ಲಿ ಚರ್ಚೆ ಹತ್ತಿತು. ಕೊನೆಗೆ ಓದಬೇಕೆಂದರು ಒಬ್ಬರು, ಗಂಡಂದಿರ ಹೆಸರಿನ ಕೂಡ ಓದಬೇಕೆಂದರು ಇನ್ನೊಬ್ಬರು. ಕಾಕಾ ವಹಿ ತೆಗೆದುಕೊಂಡು, ಮೊತ್ತದ ಕ್ರಮದಲ್ಲಿ ಓದೋಣವೆಂದ. ಹಾಗೆ ಓದಿದಾಗ ಆ ಸಂಘದ ಹೆಸರು ಒಂಬತ್ತನೆಯದಾಗಿ ಬಂತು. ನಮ್ಮ ಅಂಗಡಿಯದು ಹನ್ನೊಂದನೆಯದು.