ಸುಂಡಿಲಿಯ ‘ಎಚ್-೨’, ಮನುಷ್ಯನ ‘ಎಚ್.ಎಲ್.ಎ.’: ಒಂದು ತೌಲನಿಕ ವಿವೇಚನೆ

ಒಬ್ಬರ ದೇಹದ ಚರ್ಮವನ್ನು ಮತ್ತೊಬ್ಬರ ದೇಹಕ್ಕೆ ಕಸಿಮಾಡಿದರೆ ಅದು ಸಾಮಾನ್ಯವಾಗಿ ನೆಲೆನಿಲ್ಲದು. ದೇಹವು ಸ್ವಕೀಯ ಪರಕೀಯಗಳನ್ನು ಗುರುತಿಸಿ ಪರಕೀಯವನ್ನು ತಿರಸ್ಕರಿಸುತ್ತದೆ. ಈ ಗುರುತಿಗೆ ಮುಖ್ಯ ಕಾರಣವಾದ, ಜೀವಕೋಶಗಳ ಮೇಲ್ಮೈಯಲ್ಲಿರುವ ಪ್ರೋಟೀನುಗಳಿಗೆ ಅಂಗಾಂಶ ಪ್ರತಿಜನಕಗಳೆಂದು ಹೆಸರು. ಇವುಗಳನ್ನು ನಿರ್ಮಿಸುವ ಜೀನುಗಳ ಸಮೂಹಕ್ಕೆ ಸುಂಡಿಲಿಯಲ್ಲಿ ‘ಎಚ್-೨’ ಎಂದೂ ಮನುಷ್ಯನಲ್ಲಿ ‘ಎಚ್.ಎಲ್.ಎ.’ ಎಂದೂ ಸಂಕೇತ. ಸುಂಡಿಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದೆಂಬುದು ವೈದ್ಯಶಾಸ್ತ್ರಕ್ಕೆ ಬಹು ಮುಖ್ಯವಾದ ಪ್ರಶ್ನೆಯಾದುದರಿಂದ, ಇವೆರಡರ ಸಾಮ್ಯ ವೈಷಮ್ಯಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗುವುದು.

ಮೊದಲು ಬೆಳಕಿಗೆ ಬಂದುದು ಸುಂಡಿಲಿಯ ಸಮೂಹ. ೧೯೩೬-೩೭ರಲ್ಲಿ ಲಂಡನ್ನಿನ ಪೀಟರ್ ಗೋರರ್ ಇದರ ಪ್ರತಿಜನಕವನ್ನು ಗುರುತಿಸಿದರು. ೧೯೪೮ರಲ್ಲಿ ಅಮೆರಿಕದ ಜಾರ್ಜ್ ಸ್ನೆಲ್ ಮುಂತಾದವರೊಡನೆ ಸೇರಿ ಅದರ ಜೀನಿನ ಸ್ಥಾನವನ್ನು ನಿರೂಪಿಸಿದರು. ಮನುಷ್ಯನಲ್ಲಿ ಇಂತಹ ಪ್ರತಿಜನಕವನ್ನು ೧೯೫೮ರಲ್ಲಿ ಪ್ಯಾರಿಸ್ಸಿನ ಝಾನ್ ದೋಸೆ ವಿವರಿಸಿದರು.

ಸಾಮ್ಯವು ಸ್ಪಷ್ಟವಾಗಿದೆ. ಸುಂಡಿಲಿಯ ೧೭ನೆಯ ವರ್ಣತಂತುವಿನಲ್ಲಿರುವ ಸಮೂಹವೂ ಮನುಷ್ಯನ ೬ನೆಯದರಲ್ಲಿರುವ ಸಮೂಹವೂ ಒಂದೇ ಪೂರ್ವಜಮೂಲದಿಂದ ಬಂದವು. ಎರಡರಲ್ಲಿಯೂ ಮೊದಲನೆಯ ವರ್ಗದ ಪ್ರೋಟೀನುಗಳು ಕೋಶದೊಳಗಿನ ಪ್ರೋಟೀನುಗಳ ತುಣುಕುಗಳನ್ನು ಮಾರಕ ಟಿ-ಕೋಶಗಳಿಗೆ ತೋರಿಸುವುವು. ಎರಡನೆಯ ವರ್ಗದವು ಮುಖ್ಯವಾಗಿ ಹೊರಗಿನಿಂದ ಒಳಸೇರಿದವುಗಳ ತುಣುಕುಗಳನ್ನು ಸಹಾಯಕ ಟಿ-ಕೋಶಗಳಿಗೆ ತೋರಿಸುವುವು.

ವೈಷಮ್ಯವಾದರೋ ವಿವರಗಳಲ್ಲಿದೆ. ಎರಡನೆಯ ವರ್ಗದಲ್ಲಿ ಸುಂಡಿಲಿಯ ‘ಐ-ಎ’ಗೆ ಮನುಷ್ಯನ ‘ಡಿ.ಕ್ಯೂ.’, ‘ಐ-ಇ’ಗೆ ‘ಡಿ.ಆರ್.’ ಸಮಾನವೆನ್ನಬಹುದು. ಆದರೆ ಮೊದಲನೆಯ ವರ್ಗದಲ್ಲಿ ಸುಂಡಿಲಿಯ ‘ಕೆ’, ‘ಡಿ’, ‘ಎಲ್’ಗಳಿಗೆ ಮನುಷ್ಯನ ‘ಎ’, ‘ಬಿ’, ‘ಸಿ’ಗಳನ್ನು ಒಂದಕ್ಕೊಂದರಂತೆ ಹೊಂದಿಸಲಾಗದು, ವಂಶಗಳು ಬೇರ್ಪಟ್ಟ ಬಳಿಕ ಈ ಜೀನುಗಳು ಪ್ರತ್ಯೇಕವಾಗಿ ಇಮ್ಮಡಿಸಿ ಬೆಳೆದುವು. ಹಸ್ತಪ್ರತಿಗಳನ್ನು ಹೋಲಿಸುವವರಿಗೆ ಈ ಸಂದರ್ಭವು ಅಪರಿಚಿತವಲ್ಲ: ಏಕಮೂಲದ ಎರಡು ಪ್ರತಿಗಳಲ್ಲಿ ಪದ್ಯಗಳು ಬೇರೆಬೇರೆಯಾಗಿ ಪ್ರಕ್ಷಿಪ್ತವಾಗಿದ್ದರೆ, ಅವುಗಳ ಸಂಖ್ಯೆ ಸಮನಾದ ಮಾತ್ರಕ್ಕೆ ಅವು ಪರಸ್ಪರ ಪಾಠಾಂತರಗಳಾಗವು.

ಇದರಿಂದ ತಿಳಿಯತಕ್ಕುದಿಷ್ಟು: ನಿಯಮವು ಸಾಗಿಬರುತ್ತದೆ, ವಿವರವು ಬಾರದು. ಟಿ-ಕೋಶವು ಪರಕೀಯ ತುಣುಕನ್ನು ಸ್ವಕೀಯ ಪ್ರತಿಜನಕದೊಡನೆ ಮಾತ್ರವೇ ಗುರುತಿಸುವುದೆಂದು ೧೯೭೪ರಲ್ಲಿ ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ ಸುಂಡಿಲಿಗಳಲ್ಲಿ ಕಂಡುದು ಮನುಷ್ಯನಲ್ಲಿಯೂ ಸತ್ಯವಾಯಿತು. ಆದರೆ ಸುಂಡಿಲಿಯ ಪ್ರತಿಜನಕದ ತೋಡಿನಲ್ಲಿ ಕುಳಿತುಕೊಳ್ಳುವ ತುಣುಕು ಮನುಷ್ಯನದರಲ್ಲಿ ಕೂರದೆ ಹೋಗಬಹುದು. ಸುಂಡಿಲಿಯನ್ನು ರಕ್ಷಿಸಿದ ಲಸಿಕೆಯು ಮನುಷ್ಯನನ್ನು ರಕ್ಷಿಸದೆ ಇರಬಹುದು. ಆದಕಾರಣವೇ ವಿಜ್ಞಾನಿಗಳು ಮನುಷ್ಯನ ಜೀನುಗಳನ್ನು ಸುಂಡಿಲಿಯಲ್ಲಿ ಸೇರಿಸಿ ಪರೀಕ್ಷಿಸುವ ಕ್ರಮವನ್ನೂ ಅವಲಂಬಿಸಿದ್ದಾರೆ.